ಮುಳುಗಿಸಿದ ಶ್ರೀಪಾದನನ್ನು ಮೇಲೆತ್ತಿದ್ದು

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ಕಥಾನಾಯಕ ಶ್ರೀಪಾದ ಶರಾವತಿ ಹಿನ್ನೀರಿಗೆ ಇಳಿದು ಸಾಯುತ್ತಿದ್ದ. ಆ 14 ಪುಟ ಬರೆಯುವಾಗ ನನಗೇ ಕಣ್ಣೀರು ಬಂದಿತ್ತು. ಹಾಗಾಗಿ ಕೊನೆ ಗೆದ್ದಿದೆ ಅಂತಲೇ ನಂಬಿದ್ದೆ.

ಹಸ್ತಪ್ರತಿ ಓದಿದ ಮೂವರಲ್ಲಿ ಇಬ್ಬರು "ಚೆನ್ನಾಗಿದೆ, ಕೊನೆ ಮಾತ್ರ ಯಾಕೋ..." ಎಂದು ರಾಗ ಎಳೆದರು. ಅತ್ತಿಗೆ ಎಳೆಯಲಿಲ್ಲ. "ಅಲ್ಲ ತಮ್ಮಾ, ಪರಿಹಾರದ ದುಡ್ಡು ಏನಾಯ್ತು? ಅದಕ್ಕೇ ಕಾಯ್ತಾ ಮುನ್ನೂರು ಪುಟ ಓದಿದೆ. ನೀನು ಅವನನ್ನ ಸಾಯಿಸಿ ಕೈ ತೊಳ್ಕೊಂಡ್ಯಲ್ಲ!"

ಸಿಟ್ಟು ಬಂತು. ಎರಡು ತಿಂಗಳು ಹಸ್ತಪ್ರತಿ ಮುಟ್ಟಲಿಲ್ಲ. ಆಮೇಲೊಂದು ದಿನ ಮೊದಲ ಮತ್ತು ಕೊನೆಯ ಅಧ್ಯಾಯಗಳನ್ನಷ್ಟೇ ಪ್ರಿಂಟ್ ತೆಗೆದು, ಒಂದರ ಬೆನ್ನಿಗೆ ಒಂದು ಗಟ್ಟಿಯಾಗಿ ಓದಿದೆ. ಶುರುವಿನಲ್ಲಿ 1964, ಲಿಂಗನಮಕ್ಕಿ ಅಣೆಕಟ್ಟೆ, ಊರು ಮುಳುಗುವ ಹೊತ್ತು. ಪರಿಹಾರ ತರಲು ಹೋದ ಶ್ರೀಪಾದನ ಅಣ್ಣ ಲೆಕ್ಕ ಕೊಡುವುದಿಲ್ಲ, ಅಣ್ಣತಮ್ಮಂದಿರ ಮಾತು ನಿಲ್ಲುತ್ತದೆ. ಕೊನೆಯಲ್ಲಿ ಅಣ್ಣನ ಸುದ್ದಿಯೇ ಇಲ್ಲ. ನೀರು, ಬೆಳದಿಂಗಳು, ನನ್ನ ಉಪಮೆಗಳು, ಅಷ್ಟೇ. ಅತ್ತಿಗೆ ಕೇಳಿದ್ದು ನ್ಯಾಯವಾಗಿತ್ತು.

ಹೊಸ ಕೊನೆಯನ್ನು ಬೇಸಿಗೆಗೆ ತಂದೆ. ಹಿನ್ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೆಯ ಅಣೆಕಟ್ಟು ಮೇಲೇಳುತ್ತದೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿ, ಅದರ ನೀರಲ್ಲೇ ಮುಳುಗಿದ್ದು. ಅಣೆಕಟ್ಟೇ ಎದ್ದು ಬರುವಾಗ ಇಬ್ಬರು ಮುದುಕರಿಗೆ ಬಿರುಕುಬಿಟ್ಟ ಕೆಸರಲ್ಲಿ ತಮ್ಮ ಮನೆಯ ಜಂಬಿಟ್ಟಿಗೆ ತಳಪಾಯ ಸಿಗಬಾರದೇ?

ಮೊದಲ ಸಲ ಅಣ್ಣನ ಬಾಯಲ್ಲಿ ಮೂರು ಪುಟ ಭಾಷಣ ಮಾಡಿಸಿದೆ: ದುಡ್ಡೆಲ್ಲ ಅಮ್ಮನ ಔಷಧಿಗೆ ಹೋಯಿತಂತೆ. ಅತ್ತಿಗೆ ನಕ್ಕರು. ಅಷ್ಟು ಒಳ್ಳೆಯವನಾಗಿದ್ದರೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಇರುತ್ತಿದ್ದನೇ? ಮೂರು ಪುಟವೂ ಹೋಯಿತು. ಈಗ ಇರುವುದು ಒಂದೇ ಸಾಲು: "ಇಸ್ಪೀಟಲ್ಲಿ ಹೋಯ್ತು ಕಣೋ."

ಇದಕ್ಕೆ ಶ್ರೀಪಾದ ಏನು ಹೇಳಬೇಕು ಅಂತ ವಾರಗಟ್ಟಲೆ ತಿಣುಕಿದೆ. ಬೈದರೆ ನಾಟಕ, ಅಪ್ಪಿಕೊಂಡರೆ ಸಿನಿಮಾ. ಕೊನೆಗೆ ಏನೂ ಹೇಳಿಸಲಿಲ್ಲ. ಬಾಗಿಲಿದ್ದ ಜಾಗಕ್ಕೆ ಬಂದಾಗ ಅವನು ಇಲ್ಲದ ಹೊಸ್ತಿಲು ದಾಟಲು ಕಾಲು ಎತ್ತಿ ಇಡುತ್ತಾನೆ. ಹಿಂದೆ ಬಂದ ಅಣ್ಣನೂ ಎತ್ತುತ್ತಾನೆ.

ಬರೆದದ್ದು ಆರು ಸಾಲು, ಅದಕ್ಕಾಗಿ ಹಿಂದೆ ಹೋಗಿ ಮಾಡಿದ ಕೆಲಸ ಒಂದು ತಿಂಗಳದ್ದು. ಎರಡನೇ ಅಧ್ಯಾಯದಲ್ಲಿ ಅಮ್ಮ "ಹೊಸ್ತಿಲು ತುಳೀಬೇಡ್ರೋ" ಎಂದು ಗದರಬೇಕಾಯಿತು. ಮನೆ ಕಳಚುವಾಗ ಬಾಗಿಲ ಜೊತೆ ಹೊಸ್ತಿಲನ್ನೂ ಗಾಡಿಗೆ ಹೇರಬೇಕಾಯಿತು. ಇನ್ನೊಂದು ಕಡೆ, ಶ್ರೀಪಾದನ ಸಾವಿಗೆಂದು ನಾನೇ ಬಿತ್ತಿದ್ದ ಸೂಚನೆಗಳನ್ನೆಲ್ಲ ಹುಡುಕಿ ಕೀಳಬೇಕಿತ್ತು. ಕೆಟ್ಟ ಕನಸು, ಕೂಗುವ ಗೂಬೆ, ಒಟ್ಟು ಹನ್ನೊಂದು. ಹತ್ತು ಸಿಕ್ಕವು.

ಪುಸ್ತಕ ಅಚ್ಚಾದ ಮೇಲೆ ಅತ್ತಿಗೆ ಫೋನ್ ಮಾಡಿದರು. "ಕೊನೆ ಈಗ ಸರಿಯಾಯ್ತು. ಆದ್ರೆ ನೂರಾ ಎಪ್ಪತ್ತನೇ ಪುಟದಲ್ಲಿ ಅವನು ದೋಣಿಯವನ ಹತ್ರ ನೀರು ಎಷ್ಟು ಆಳ ಅಂತ ಯಾಕೆ ಕೇಳ್ತಾನೆ?"