ಜ್ವರ ಬಿಟ್ಟ ಹೋರಿನ ಮತ್ತೆ ಯಾವಾಗ ಹಸುಗೆ ಬಿಡೋದು? ನನ್ನ ಅನುಭವ

ಉಣ್ಣೆಯಿಂದ ಹರಡೋ ರಕ್ತದ ಪರಾವಲಂಬಿ ರೋಗಗಳಾದ ಥೈಲೇರಿಯಾ, ಬೆಬೀಸಿಯಾ ಬಂದು ಬದುಕಿದ ಹೋರಿ ಚೆನ್ನಾಗಿ ಮೇವು ತಿನ್ನೋಕೆ ಶುರು ಮಾಡಿದ ಕೂಡ್ಲೇ ಮಾಲೀಕರು ಕೇಳೋದು ಒಂದೇ, ಡಾಕ್ಟ್ರೇ ಇನ್ನು ಹಸುಗೆ ಬಿಡಬಹುದಾ ಅಂತ. ನಾನು ಬೇಡ ಅಂತೀನಿ. ಬೀಜ ಮೈಗಿಂತ 2ರಿಂದ 6 ಡಿಗ್ರಿ ತಂಪಾಗಿದ್ರೇನೇ ವೀರ್ಯಾಣು ಸರಿಯಾಗಿ ತಯಾರಾಗೋದು, 41 ಡಿಗ್ರಿ ಜ್ವರ ನಾಲ್ಕು ದಿನ ನಿಂತ್ರೆ ಆ ತಂಪು ಹೋಯ್ತು, ಮೇಲೆ ರಕ್ತಹೀನತೆ ಬೇರೆ.

ವೀರ್ಯಾಣು ತಯಾರಾಗೋಕೆ 61 ದಿನ, ಆಮೇಲೆ ಬೀಜದ ಪಕ್ಕದ ನಾಳದಲ್ಲಿ ಬಲಿಯೋಕೆ ಇನ್ನೊಂದು ವಾರ ಹತ್ತು ದಿನ. ಜ್ವರದ ವಾರದಲ್ಲೇ ವೀರ್ಯ ತೆಗೆದು ನೋಡಿದ್ರೆ ಎಷ್ಟೋ ಸಲ ಚೆನ್ನಾಗೇ ಕಾಣುತ್ತೆ, ಯಾಕಂದ್ರೆ ಅದು ಮುಂಚೆನೇ ತಯಾರಾಗಿ ಕೂತಿದ್ದ ಸ್ಟಾಕು, ಕೆಟ್ಟಿದ್ದು ಹೊರಗೆ ಬರೋದು ಎರಡು ವಾರ ಕಳೆದ ಮೇಲೆ. ಅದಕ್ಕೇ ನಾನು ಮೊದಲ ರಿಪೋರ್ಟ್ ನಂಬಲ್ಲ, ತಿಂಗಳಿಗೊಮ್ಮೆ ನೋಡ್ತೀನಿ. ಥೈಲೇರಿಯಾ ಆದ ಒಂದು ಹೋರಿಯ ವೀರ್ಯದಲ್ಲಿ ತಲೆ ಕಳಚಿದ, ಬಾಲ ಸುರುಳಿ ಸುತ್ತಿದ ವೀರ್ಯಾಣುಗಳೇ ತುಂಬಿಕೊಂಡಿದ್ವು, ಕಟುಕರಿಗೆ ಕೊಟ್ಬಿಡೋಣ ಅಂತಿದ್ರು ಮನೆಯವರು, ತಡೆದೆ, ಮೂರನೇ ತಿಂಗಳು ದಾಟಿದ ಮೇಲೆ ಸರಿಹೋಯ್ತು. ಸರಿಹೋಯ್ತು ಅನ್ನೋಕೆ ನನ್ನ ಅಳತೆ ನೂರಕ್ಕೆ 70 ವೀರ್ಯಾಣು ಸರಿಯಾದ ಆಕಾರದಲ್ಲಿರಬೇಕು. ಆದ್ರೆ ಟ್ರಿಪನೋಸೋಮ (ಕಚ್ಚೋ ನೊಣಗಳಿಂದ ಹರಡೋ ರಕ್ತದ ಪರಾವಲಂಬಿ) ಆದ ಇನ್ನೊಂದು ಹೋರಿಯ ಬೀಜ ಊದಿ ಆಮೇಲೆ ಗಟ್ಟಿಯಾಗಿ ಸಣ್ಣಗಾಗೋಯ್ತು, ಅದು ವಾಪಸ್ ಬರಲೇ ಇಲ್ಲ. ಹಾಗಾಗಿ ಪ್ರತಿ ಸಲ ಕೈಯಲ್ಲಿ ಮುಟ್ಟಿ, ಟೇಪು ಹಿಡಿದು ಸುತ್ತಳತೆ ಬರೆದಿಡ್ತೀನಿ.

ಇಂಜೆಕ್ಷನ್ನಿಂದಾನೇ ಹೋರಿ ಕೆಡ್ತು ಅನ್ನೋರು ಬಹಳ ಜನ. ನಾನು ಕಂಡಂಗೆ ಥೈಲೇರಿಯಾಗೆ ಕೊಡೋ ಬ್ಯುಪಾರ್ವಾಕ್ವೋನ್ ಇಂಜೆಕ್ಷನ್ ಬೇಗ ಬಿದ್ದಷ್ಟೂ ಜ್ವರ ಬೇಗ ಇಳಿದು ಬೀಜ ಉಳಿಯುತ್ತೆ. ನಾನು ದೂರ ಇಡೋದು ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್, ಅದು ದಿನಗಟ್ಟಲೆ ಹೋದ್ರೆ ಗಂಡು ಹಾರ್ಮೋನ್ ಟೆಸ್ಟೋಸ್ಟಿರಾನ್ ಇಳಿಸುತ್ತೆ.

ಹಸುಗೆ ಬಿಟ್ಟಾಗ ಕೂಡುವಿಕೆಯಿಂದ ಹರಡೋ ಪರಾವಲಂಬಿ ಟ್ರೈಕೋಮೊನಾಸ್ ಮಾತ್ರ ಪೂರ್ತಿ ಬೇರೆ ಕಥೆ, ಹೋರಿಗೆ ಜ್ವರ ಇಲ್ಲ, ವೀರ್ಯ ಚೆನ್ನಾಗಿದೆ, ಆದ್ರೂ ಹಸುಗಳು ಗಬ್ಬ ನಿಲ್ದೆ ಮತ್ತೆ ಮತ್ತೆ ಬೆದೆಗೆ ಬರ್ತವೆ, ಕೆಲವಕ್ಕೆ ಗರ್ಭದಲ್ಲಿ ಕೀವು. ಅಲ್ಲಿ ವೀರ್ಯ ನೋಡಿ ಪ್ರಯೋಜನ ಇಲ್ಲ, ಶಿಶ್ನದ ಚರ್ಮದ ಚೀಲ ತೊಳೆದ ನೀರನ್ನ ವಾರ ಬಿಟ್ಟು ವಾರ ಮೂರು ಸಲ ಲ್ಯಾಬಿಗೆ ಕಳಿಸ್ತೀನಿ. ಒಂದು ಸಲ ಪಾಸಿಟಿವ್ ಬಂದ್ರೂ ಆ ಹೋರಿನ ಹಸುಗಳ ಹತ್ರ ಬಿಡಬೇಡಿ ಅಂತ ಕಡ್ಡಾಯವಾಗಿ ಹೇಳ್ತೀನಿ, ಎಷ್ಟೇ ಒಳ್ಳೆ ತಳಿಯಾಗಿರಲಿ.