ಮಲಾವಿಯ ಹಳ್ಳಿಗೆ ಮಿಷನ್ ಯಾತ್ರೆ: ತಂಡವನ್ನು ಕರೆದೊಯ್ಯುವವರಿಗೆ ಒಂದು ಕೈಪಿಡಿ

ಆಫ್ರಿಕದ ಹಳ್ಳಿಗೆ ಮಿಷನ್ ಯಾತ್ರೆ ಹೊರಡುವ ತಂಡಗಳು ಮೊದಲ ಸಭೆಯಲ್ಲಿಯೇ ಏನೇನು ಕೊಂಡೊಯ್ಯಬೇಕೆಂದು ಪಟ್ಟಿ ಮಾಡಲು ಕುಳಿತುಬಿಡುತ್ತವೆ. ನಮ್ಮನ್ನು ಕರೆದವರು ಯಾರು, ಯಾವ ಕೆಲಸಕ್ಕೆ ಕರೆದಿದ್ದಾರೆ ಎಂಬುದು ಆ ಪಟ್ಟಿಗಿಂತ ಮೊದಲು ತಿಳಿಯಬೇಕಾದ ವಿಷಯ. ಆಫ್ರಿಕವು 54 ದೇಶಗಳ ಖಂಡವಾದ್ದರಿಂದ ಎಲ್ಲ ಕಡೆಗೂ ಹೊಂದುವ ಸಲಹೆ ಎಂಬುದಿಲ್ಲ. ಆದಕಾರಣ ಈ ಬರಹವನ್ನು ಆಗ್ನೇಯ ಆಫ್ರಿಕದ ಮಲಾವಿ ದೇಶಕ್ಕೆ, ಅದರಲ್ಲಿಯೂ ಚೆವಾ ಜನರು ಹೆಚ್ಚಾಗಿರುವ ಮಧ್ಯಭಾಗದ ಹಳ್ಳಿಗಳಿಗೆ ಸೀಮಿತಗೊಳಿಸಿದ್ದೇನೆ.

ತಂಡದ ಪ್ರತಿಯೊಬ್ಬರೂ ಹೊರಡುವ ಮುನ್ನ ತಿಳಿದಿರಬೇಕಾದ ಸ್ವಲ್ಪ ಚರಿತ್ರೆಯಿದೆ. ಸ್ಕಾಟ್ಲೆಂಡಿನ ಫ್ರೀ ಚರ್ಚ್ ತನ್ನ ಲಿವಿಂಗ್‌ಸ್ಟೋನಿಯಾ ಮಿಷನ್ ಅನ್ನು ಮಲಾವಿ ಸರೋವರದ ದಕ್ಷಿಣ ತುದಿಯ ಕೇಪ್ ಮೆಕ್ಲಿಯರ್‌ನಲ್ಲಿ ಆರಂಭಿಸಿದ್ದು 1875ರಲ್ಲಿ. ಮಲೇರಿಯಾದಿಂದ ಒಬ್ಬರಾದ ಮೇಲೊಬ್ಬರು ತೀರಿಕೊಂಡು, 1881ರಲ್ಲಿ ಅದನ್ನು ಸರೋವರದ ಪಶ್ಚಿಮ ದಡದ ಬಂಡಾವೆಗೆ ಸ್ಥಳಾಂತರಿಸಬೇಕಾಯಿತು. 1876ರಲ್ಲಿ ಆ ಮಿಷನ್ ಸೇರಿದವರಲ್ಲಿ ದಕ್ಷಿಣ ಆಫ್ರಿಕದ ಲವ್‌ಡೇಲ್ ಸಂಸ್ಥೆಯಲ್ಲಿ ಕಲಿತ ವಿಲಿಯಂ ಕೋಯಿ ಎಂಬ, ಅಲ್ಲಿನ ಖೋಸಾ ಜನಾಂಗದ ಸುವಾರ್ತಿಕರೂ ಇದ್ದರು. ಇತರರು ಹೋಗಲು ಹಿಂಜರಿಯುತ್ತಿದ್ದ ಅಂಗೋನಿ ಜನರ ನಡುವೆ ನೆಲೆಸಿ, 1886ರಲ್ಲಿ ಅಲ್ಲಿಯೇ ಪ್ರಾಣಬಿಟ್ಟವರು ಅವರು. ಅಂದರೆ ಆ ನಾಡಿಗೆ ಸುವಾರ್ತೆಯನ್ನು ತಂದವರಲ್ಲಿ ಆಫ್ರಿಕನ್ನರು ಮೊದಲಿನಿಂದಲೂ ಇದ್ದರು. 2018ರ ಜನಗಣತಿಯ ಪ್ರಕಾರ ಮಲಾವಿಯ ಜನಸಂಖ್ಯೆ ಸುಮಾರು 1.75 ಕೋಟಿ, ಅದರಲ್ಲಿ ಸುಮಾರು ಶೇಕಡಾ 77ರಷ್ಟು ಜನರು ಕ್ರೈಸ್ತರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ 1915ರಲ್ಲಿ ದಂಗೆಯೆದ್ದು ಮಡಿದ ಜಾನ್ ಚಿಲೆಂಬ್ವೆ ಅವರು ಬ್ಯಾಪ್ಟಿಸ್ಟ್ ಸಭಾಪಾಲಕರಾಗಿದ್ದರು. ಇಂದು ಅಲ್ಲಿನ ನೋಟುಗಳ ಮೇಲೆ ಅವರ ಚಿತ್ರವಿದೆ. ಇಂತಹ ದೇಶದ ಹಳ್ಳಿಯಲ್ಲಿ ನಿಂತು, ಯೇಸುವಿನ ಹೆಸರನ್ನೇ ಕೇಳದವರಿಗೆ ಹೇಳುವಂತೆ ಪ್ರಸಂಗ ಆರಂಭಿಸಿದರೆ ಮುಂದೆ ಕುಳಿತ ಹಿರಿಯರು ಮರ್ಯಾದೆಯಿಂದ ಕೇಳಿಸಿಕೊಳ್ಳುತ್ತಾರೆ, ಅಷ್ಟೆ.

ಆಹ್ವಾನ ಮತ್ತು ಕಾಲ

ಆದ್ದರಿಂದ ಯಾತ್ರೆಯ ಮೊದಲ ಹೆಜ್ಜೆ ಅಲ್ಲಿನ ಕ್ರೈಸ್ತ ಸಭೆಯೊಂದರ, ಅಂದರೆ ಚರ್ಚಿನ, ಲಿಖಿತ ಆಹ್ವಾನ. ಮಲಾವಿಯ ದೊಡ್ಡ ಪ್ರೊಟೆಸ್ಟೆಂಟ್ ಸಭೆಗಳಲ್ಲೊಂದಾದ, ಸಿಸಿಎಪಿ ಎಂದು ಎಲ್ಲರೂ ಕರೆಯುವ ಮಧ್ಯ ಆಫ್ರಿಕ ಪ್ರೆಸ್ಬಿಟೇರಿಯನ್ ಸಭೆ 1924ರಲ್ಲಿ ರೂಪುಗೊಂಡಿತು. ಉತ್ತರದಲ್ಲಿ ಲಿವಿಂಗ್‌ಸ್ಟೋನಿಯಾ, ಮಧ್ಯದಲ್ಲಿ ಎನ್ಖೋಮಾ, ದಕ್ಷಿಣದಲ್ಲಿ ಬ್ಲಾಂಟೈರ್ ಎಂಬ ಸಿನೊಡ್‌ಗಳು, ಅಂದರೆ ಪ್ರಾದೇಶಿಕ ಆಡಳಿತ ಮಂಡಳಿಗಳು, ಅದಕ್ಕಿವೆ. ಕ್ಯಾಥೊಲಿಕರು, ಆಂಗ್ಲಿಕನರು, ಸೆವೆಂತ್ ಡೇ ಅಡ್ವೆಂಟಿಸ್ಟರು, ಅಸೆಂಬ್ಲೀಸ್ ಆಫ್ ಗಾಡ್ ಸಭೆಯವರು ಕೂಡ ದೇಶದ ಉದ್ದಗಲಕ್ಕೂ ಇದ್ದಾರೆ. ಹಳ್ಳಿಗಳಲ್ಲಿ ಒಬ್ಬ ಸಭಾಪಾಲಕರ ಕೈಕೆಳಗೆ ಹಲವು ಪ್ರಾರ್ಥನಾ ಮಂದಿರಗಳಿರುವುದರಿಂದ, ಭಾನುವಾರದ ಆರಾಧನೆಯನ್ನು ಬಹುತೇಕ ಹಿರಿಯರೇ ನಡೆಸುತ್ತಾರೆ. ನಿಮ್ಮ ಪತ್ರವನ್ನು ಸಭಾಪಾಲಕರಿಗೆ ಬರೆದರೂ ಕೆಲಸದ ಮಾತನ್ನು ಆ ಹಿರಿಯರೊಂದಿಗೆ ಮತ್ತು ಮಹಿಳಾ ಸಂಘದವರೊಂದಿಗೆ ಆಡಿ ತಿಳಿಸಬೇಕೆಂದು ಕೇಳಿಕೊಳ್ಳಿ. ನೀವು ಮಾಡಬಲ್ಲ ಕೆಲಸಗಳ ಪಟ್ಟಿಯನ್ನು ಮೊದಲೇ ಕಳುಹಿಸಬೇಡಿ. ಕಳುಹಿಸಿದರೆ ಎಲ್ಲದಕ್ಕೂ ಒಪ್ಪಿಗೆ ಬರುತ್ತದೆ, ಏಕೆಂದರೆ ಅತಿಥಿಗೆ ಇಲ್ಲವೆನ್ನುವುದು ಅಲ್ಲಿ ಒರಟುತನ. ಈ ವರ್ಷ ನಿಮ್ಮ ಸಭೆ ಯಾವ ಕೆಲಸಕ್ಕೆ ಕೈಹಾಕಿದೆ, ಅದರಲ್ಲಿ ನಮಗೆ ಪಾಲಿದೆಯೇ ಎಂದು ಕೇಳಿ, ಉತ್ತರಕ್ಕಾಗಿ ಕಾಯಿರಿ.

ಹೊರಡುವ ತಿಂಗಳನ್ನು ತಂಡದ ರಜೆಗೆ ಹೊಂದಿಸುವ ಬದಲು ಹಳ್ಳಿಯ ಹೊಲಕ್ಕೆ ಹೊಂದಿಸಬೇಕು. ಮಳೆಗಾಲ ಸುಮಾರು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಮಳೆ ಬಿದ್ದೊಡನೆ ಮೆಕ್ಕೆಜೋಳದ ಬಿತ್ತನೆ, ಆಮೇಲೆ ಕಳೆ ಕೀಳುವುದು ಎಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ತಿಂಗಳುಗಳಲ್ಲಿ ಹಿಂದಿನ ವರ್ಷದ ಕಾಳು ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ಅದು ಹಸಿವಿನ ಕಾಲ. ಆಗ ಹನ್ನೆರಡು ಜನ ಅತಿಥಿಗಳಾಗಿ ಹೋದರೆ ಬಡಮನೆಯವರೂ ಇದ್ದೊಂದು ಕೋಳಿಯನ್ನು ಕೊಯ್ದು ಬಡಿಸುತ್ತಾರೆ, ಆದರೆ ಆ ಊಟದ ಬೆಲೆಯನ್ನು ಅವರ ಮಕ್ಕಳು ತೆರುತ್ತಾರೆ. ಮಣ್ಣುರಸ್ತೆಗಳು ಕೆಸರಾಗಿ ವಾಹನ ಹೂತುಹೋಗುವುದೂ ಅದೇ ಕಾಲದಲ್ಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಯ್ಲು ಮುಗಿದು, ಕಣಜ ತುಂಬಿ, ಜನರಿಗೆ ಕುಳಿತು ಮಾತಾಡಲು ಬಿಡುವಿರುತ್ತದೆ. ಆ ತಿಂಗಳುಗಳಲ್ಲಿ ದೆಡ್ಜಾದಂತಹ ಎತ್ತರದ ಸೀಮೆಯಲ್ಲಿ ರಾತ್ರಿ ಚಳಿಯಿರುವುದರಿಂದ, ಆಫ್ರಿಕವೆಂದರೆ ಬಿಸಿಲೆಂದು ಭಾವಿಸಿ ಸ್ವೆಟರ್ ಬಿಟ್ಟುಹೋಗಬೇಡಿ.

ಕಾಗದಪತ್ರ, ಹಣ, ಆರೋಗ್ಯ

ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಮಲಾವಿಯ ವಲಸೆ ಇಲಾಖೆಯ ಪ್ರಕಟಣೆಯನ್ನೇ ನೋಡಿ, ನೀವು ಮಾಡಲಿರುವ ಕೆಲಸಕ್ಕೆ ಸಂದರ್ಶಕರ ವೀಸಾ ಸಾಲುತ್ತದೆಯೇ ಎಂಬುದನ್ನು ಆಹ್ವಾನಿಸಿದ ಸಭೆಯ ಮೂಲಕ ಖಚಿತಪಡಿಸಿಕೊಳ್ಳಿ. ಹಳದಿ ಜ್ವರವಿರುವ ದೇಶಗಳ ಮೂಲಕ ಬರುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ. ವಿಮಾನ ಬದಲಿಸುವ ಊರನ್ನು ಆರಿಸುವಾಗಲೇ ಇದನ್ನು ಗಮನಿಸುವುದು ಲೇಸು. ಅಲ್ಲಿನ ಹಣ ಕ್ವಾಚಾ. ಹಳ್ಳಿಯಲ್ಲಿ ಬ್ಯಾಂಕಾಗಲಿ ಎಟಿಎಂ ಆಗಲಿ ಇರುವುದಿಲ್ಲವಾದರೂ ಸಂತೆಯ ಊರುಗಳಲ್ಲಿ ಏರ್‌ಟೆಲ್ ಮನಿ ಮತ್ತು ಟಿಎನ್ಎಂ ಎಂಪಾಂಬಾ ಎಂಬ ಮೊಬೈಲ್ ಹಣದ ಏಜೆಂಟರು ಸಿಗುತ್ತಾರೆ. ವಾಹನದ ಡೀಸೆಲ್, ಅಡುಗೆಯವರ ಕೂಲಿ, ದುಭಾಷಿಯ ಸಂಭಾವನೆ, ನಿಮ್ಮ ಊಟದ ಸಾಮಾನು ಇವೆಲ್ಲದರ ಖರ್ಚು ತಂಡದ್ದೇ ಆಗಿರಬೇಕು, ಮತ್ತು ಅದು ಯಾರೊಬ್ಬರ ಜೇಬಿಗೂ ಹೋಗದೆ ಸಭೆಯ ಖಜಾಂಚಿಯ ಕೈಗೆ ರಸೀದಿಯೊಂದಿಗೆ ಸೇರಬೇಕು.

ಮಲೇರಿಯಾ ಅಲ್ಲಿ ವರ್ಷವಿಡೀ ಇದೆ, ಅದೂ ಹೆಚ್ಚಾಗಿ ಅಪಾಯಕಾರಿಯಾದ ಫಾಲ್ಸಿಪಾರಂ ಬಗೆಯದು. ತಡೆ ಮಾತ್ರೆ ಯಾವುದೆಂದು ವೈದ್ಯರು ನಿರ್ಧರಿಸಲಿ. ಡಾಕ್ಸಿಸೈಕ್ಲಿನ್ ಆದರೆ ಹೋಗುವ ಒಂದೆರಡು ದಿನ ಮೊದಲು ಆರಂಭಿಸಿ ಬಂದ ಮೇಲೆ ನಾಲ್ಕು ವಾರ, ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಬಂದ ಮೇಲೆ ಏಳು ದಿನ ತಪ್ಪದೆ ನುಂಗಬೇಕು. ನಡುವೆ ನಿಲ್ಲಿಸುವವರೇ ಹೆಚ್ಚಾಗಿ ಜ್ವರಕ್ಕೆ ಸಿಕ್ಕುತ್ತಾರೆ. ಸೊಳ್ಳೆ ಕಚ್ಚುವುದು ಮುಸ್ಸಂಜೆಯಿಂದ ಮುಂಜಾನೆಯವರೆಗೆ, ಆದ್ದರಿಂದ ಔಷಧ ಲೇಪಿಸಿದ ಸೊಳ್ಳೆಪರದೆಯನ್ನು ಒಬ್ಬೊಬ್ಬರೂ ಒಯ್ಯಬೇಕು. ಮಲಾವಿ ಸರೋವರದ ದಡ ಎಷ್ಟೇ ಸುಂದರವಾಗಿದ್ದರೂ ಅಲ್ಲಿ ನೀರಿಗಿಳಿದರೆ ಬಸವನಹುಳುಗಳಿಂದ ಹರಡುವ ಬಿಲ್ಹಾರ್ಜಿಯಾ ಎಂಬ ಪರಾವಲಂಬಿ ಹುಳುವಿನ ರೋಗ ತಗಲಬಹುದು. 2022-23ರ ಕಾಲರಾ ದೇಶದ ಚರಿತ್ರೆಯಲ್ಲಿಯೇ ದೊಡ್ಡದಾಗಿದ್ದು 1,700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕುಡಿಯುವ ನೀರನ್ನು ಕುದಿಸುವ ಅಥವಾ ಕ್ಲೋರಿನ್ ಹಾಕುವ ಹೊಣೆಯನ್ನು ತಂಡದ ಒಬ್ಬರಿಗೆ ಹೆಸರು ಹಿಡಿದು ವಹಿಸಿ.

ಯಾವ ಕೆಲಸ, ಯಾವುದು ಬೇಡ

ಮಿಷನ್ ತಂಡಗಳಿಗೆ ಗೋಡೆ ಕಟ್ಟುವುದೆಂದರೆ ಬಹಳ ಇಷ್ಟ. ಮಲಾವಿಯ ಹಳ್ಳಿಗರು ಮಣ್ಣು ತುಳಿದು, ಇಟ್ಟಿಗೆ ಕೊಯ್ದು, ಗೂಡು ಹಾಕಿ ತಾವೇ ಸುಡುತ್ತಾರೆ. ಗಾರೆ ಕೆಲಸದವರೂ ಅವರಲ್ಲಿಯೇ ಇದ್ದಾರೆ. ಕರಣೆ ಹಿಡಿದೇ ಗೊತ್ತಿಲ್ಲದ ಹನ್ನೆರಡು ಜನ ವಿಮಾನದಲ್ಲಿ ಹೋಗಿ ಅವರ ಕೂಲಿಯನ್ನು ಕಿತ್ತುಕೊಳ್ಳುವುದು, ನನ್ನ ದೃಷ್ಟಿಯಲ್ಲಿ, ಸೇವೆಯ ಹೆಸರಿನ ದುಂದುಗಾರಿಕೆ. ಸಭೆಗೆ ಕಟ್ಟಡವೇ ಬೇಕಿದ್ದರೆ ಸಿಮೆಂಟಿಗೂ ತಗಡಿಗೂ ಹಣ ಕೊಟ್ಟು, ಇಟ್ಟಿಗೆ ಹೊರುವ ಸಾಲಿನಲ್ಲಿ ನಿಲ್ಲಿ. ನೀರಿನ ವಿಷಯವೂ ಹೀಗೆಯೇ. ಹಳ್ಳಿಗಳಲ್ಲಿ ಆಫ್ರಿಡೆವ್ ಎಂಬ ಕೈಪಂಪುಗಳು ಬಹಳವಿದ್ದು, ಒಳಗಿನ ರಬ್ಬರ್ ಸೀಲು ಅಥವಾ ರಾಡು ಸವೆದು ಕೆಟ್ಟು ನಿಂತವೂ ಇರುತ್ತವೆ. ದಾನಿಯ ಹೆಸರು ಕೆತ್ತಿದ ಹೊಸ ಕೊಳವೆಬಾವಿ ಕೊರೆಸುವುದಕ್ಕಿಂತ, ಊರಿನ ನೀರಿನ ಸಮಿತಿಯನ್ನು ಕೇಳಿ, ಆ ಸೀಮೆಯ ಮೆಕ್ಯಾನಿಕ್‌ನಿಂದ ಹಳೆಯ ಪಂಪನ್ನು ರಿಪೇರಿ ಮಾಡಿಸಿ, ಬಿಡಿಭಾಗಗಳ ದಾಸ್ತಾನಿಗೆ ನೆರವಾಗುವುದು ಕಡಿಮೆ ಖರ್ಚಿನ, ಹೆಚ್ಚು ದಿನ ಬಾಳುವ ಕೆಲಸ.

ವೈದ್ಯರಿರುವ ತಂಡಗಳು ಇನ್ನಷ್ಟು ಎಚ್ಚರ ವಹಿಸಬೇಕು. ಚಿಕಿತ್ಸೆ ನೀಡಲು ಮಲಾವಿಯ ವೈದ್ಯಕೀಯ ಮಂಡಳಿಯ ನೋಂದಣಿ ಬೇಕು, ಔಷಧಗಳನ್ನು ಒಳತರಲು ಅನುಮತಿ ಬೇಕು. ಜಿಲ್ಲಾ ಆರೋಗ್ಯ ಕಚೇರಿಗೂ ಹತ್ತಿರದ ಮಿಷನ್ ಆಸ್ಪತ್ರೆಗೂ ತಿಳಿಸದೆ ಮರದ ಕೆಳಗೆ ಶಿಬಿರ ಹೂಡಿ ರಕ್ತದೊತ್ತಡಕ್ಕೆ ಹದಿನೈದು ದಿನದ ಮಾತ್ರೆ ಕೊಟ್ಟು ಬಂದರೆ, ಹದಿನಾರನೆಯ ದಿನ ಆ ಅಜ್ಜಿ ಯಾರ ಬಳಿಗೆ ಹೋಗಬೇಕು? ಅದೇ ವೈದ್ಯರು ಆಸ್ಪತ್ರೆಯ ಸಿಬ್ಬಂದಿಯ ಜೊತೆ ವಾರವೊಂದನ್ನು ಕಳೆದರೆ, ಅವರು ಬರೆದ ಚೀಟಿಯನ್ನು ಮುಂದುವರಿಸುವವರು ಅಲ್ಲಿ ಇರುತ್ತಾರೆ.

ಹಳೆ ಬಟ್ಟೆಯ ಮೂಟೆಯನ್ನು ಒಯ್ಯಲೇಬೇಡಿ. ಹೊರದೇಶಗಳಿಂದ ಬರುವ ಹಳೆ ಬಟ್ಟೆಯನ್ನು ಅಲ್ಲಿ ಕೌಂಜಿಕಾ ಎನ್ನುತ್ತಾರೆ, ಅದಕ್ಕಾಗಿಯೇ ಸಂತೆಗಳಿವೆ, ಅದನ್ನು ಮಾರಿ ಸಂಸಾರ ಸಾಗಿಸುವವರಿದ್ದಾರೆ. ಮಕ್ಕಳನ್ನು ಸುತ್ತ ಸೇರಿಸಿಕೊಂಡು ಮಿಠಾಯಿ ಎರಚುವುದೂ ಬೇಡ. ಕೊಡುವುದೇನಿದ್ದರೂ ಶಾಲೆಯ ಮುಖ್ಯೋಪಾಧ್ಯಾಯರ ಅಥವಾ ಸಭೆಯ ಮೂಲಕ ಹೋಗಲಿ. ತಂಡದ ಯಾರೂ ಒಬ್ಬರೇ ಮಗುವಿನೊಂದಿಗೆ ಏಕಾಂತದಲ್ಲಿ ಇರಬಾರದೆಂಬ ನಿಯಮವನ್ನು ಬರೆದು, ಎಲ್ಲರ ಸಹಿ ಪಡೆಯಿರಿ.

ಊರಿನೊಳಗೆ

ತಲುಪಿದ ದಿನವೇ ಊರಿನ ಮುಖ್ಯಸ್ಥರನ್ನು ಕಾಣಬೇಕು. ಎಂಫುಮು ಎಂದು ಕರೆಯಲಾಗುವ ಇವರು ಮಹಿಳೆಯೂ ಆಗಿರಬಹುದು. ಚೆವಾ ಜನರಲ್ಲಿ ವಂಶ ತಾಯಿಯ ಕಡೆಯಿಂದ ಸಾಗುತ್ತದೆ. ದೆಡ್ಜಾ ಜಿಲ್ಲೆಯ ಹಿರಿಯ ಮುಖ್ಯಸ್ಥೆಯಾಗಿ ಥೆರೆಸಾ ಕಚಿಂದಮೊಟೊ ಅವರು ನೂರಾರು ಬಾಲ್ಯವಿವಾಹಗಳನ್ನು ರದ್ದುಪಡಿಸಿದ್ದು ಜಗತ್ತಿಗೇ ತಿಳಿದ ವಿಷಯ. ಸಭಾಪಾಲಕರೇ ನಿಮ್ಮನ್ನು ಕರೆದೊಯ್ದು ಪರಿಚಯಿಸುತ್ತಾರೆ. ಮುಖ್ಯಸ್ಥರು ಕುಳಿತುಕೊಳ್ಳಿ ಎನ್ನುವವರೆಗೆ ಕಾದು, ಬಂದ ಕಾರಣವನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು.

ಚಿಚೆವಾ ಭಾಷೆಯ ನಾಲ್ಕೈದು ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಮನೆಯ ಮುಂದೆ ನಿಂತು "ಓಡಿ" ಎಂದು ಕೂಗಿ ಒಳಗಿನವರು ಬರಮಾಡಿಕೊಳ್ಳುವವರೆಗೆ ಹೊರಗಿರಬೇಕು. "ಮುಲಿ ಬ್ವಾಂಜಿ" ಎಂದರೆ ಹೇಗಿದ್ದೀರಿ. "ಎನ್ದಿಲಿ ಬ್ವಿನೊ, ಕಾಯಾ ಇನು" ಎಂದರೆ ಚೆನ್ನಾಗಿದ್ದೇನೆ, ತಾವು. "ಜಿಕೊಮೊ" ಎಂದರೆ ಕೃತಜ್ಞತೆ. ಈ ಕುಶಲ ವಿಚಾರಣೆ ಮುಗಿಯುವ ಮೊದಲು ಕೆಲಸದ ಮಾತೆತ್ತುವುದು ಅಸಭ್ಯತೆ. ಹಿರಿಯರಿಗೆ ಕೈಕೊಡುವಾಗ ಎಡಗೈಯಿಂದ ಬಲ ಮುಂಗೈಯನ್ನು ಹಿಡಿದು, ಸ್ವಲ್ಪ ಮೊಣಕಾಲು ಬಾಗಿಸಿ. ತಂಡದ ಮಹಿಳೆಯರು ಹಳ್ಳಿಯಲ್ಲಿ ಸೊಂಟಕ್ಕೆ ಚಿತೆಂಜೆ ಬಟ್ಟೆಯನ್ನು ಸುತ್ತಿಕೊಂಡರೆ ಮರ್ಯಾದೆಗೂ ಆಯಿತು, ನೆಲದ ಮೇಲೆ ಕೂರಲು ಅನುಕೂಲವೂ ಆಯಿತು. ಊಟಕ್ಕೆ ಮೊದಲು ಮನೆಯವರು ನೀರು ಸುರಿದು ಕೈತೊಳೆಸುತ್ತಾರೆ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆಯಂತಹ ಎನ್ಸಿಮಾವನ್ನು ಬಲಗೈಯಿಂದ ಮುರಿದು, ಎನ್ದಿವೊ ಎಂಬ ಸೊಪ್ಪಿನ ಅಥವಾ ಮೀನಿನ ವ್ಯಂಜನದೊಡನೆ ತಿನ್ನುತ್ತಾರೆ. ಬೇಡವೆನ್ನಬೇಡಿ, ಸ್ವಲ್ಪವೇ ಬಡಿಸಿಕೊಂಡು ಪೂರ್ತಿ ತಿನ್ನಿ.

ಆರಾಧನೆ ಮೂರು ಗಂಟೆ ನಡೆದರೂ ಆಶ್ಚರ್ಯಪಡಬೇಡಿ; ಗಾಯನ ಮಂಡಳಿಗಳು ಒಂದಾದ ಮೇಲೊಂದು ಎದ್ದು ಹಾಡುತ್ತವೆ. ಪ್ರಸಂಗ ಮಾಡಬೇಕಾಗಿ ಬಂದರೆ ದುಭಾಷಿಯ ಮಾತು ಸೇರಿ ಸಮಯ ಇಮ್ಮಡಿಯಾಗುತ್ತದೆಂಬುದನ್ನು ನೆನಪಿಟ್ಟು ಅರ್ಧದಷ್ಟೇ ಸಿದ್ಧಪಡಿಸಿ, ವಾಕ್ಯಗಳನ್ನು ಗಿಡ್ಡವಾಗಿಸಿ, ಸತ್ಯವೇದದ ಅಧ್ಯಾಯ ವಚನಗಳನ್ನು ಹಿಂದಿನ ರಾತ್ರಿಯೇ ದುಭಾಷಿಗೆ ಕೊಡಿ. ಚಿಚೆವಾ ಸತ್ಯವೇದವಾದ ಬುಕು ಲೋಪಟುಲಿಕಾ 1922ರಿಂದ ಬಳಕೆಯಲ್ಲಿದ್ದು, ಅದರ ಮಾತುಗಳು ಅನೇಕರಿಗೆ ಕಂಠಸ್ಥ.

ದಾರಿಯಲ್ಲಿ ಮುಖವಾಡ ಧರಿಸಿದ ಕುಣಿತಗಾರರು ಎದುರಾದರೆ ಅದು ಗುಲೆ ವಾಮ್ಕುಲು, ಚೆವಾ ಜನರ ಎನ್ಯಾವು ಎಂಬ ರಹಸ್ಯ ಸಂಘದ ವಿಧಿ. 2005ರಲ್ಲಿ ಯುನೆಸ್ಕೊ ಮನ್ನಣೆ ಪಡೆದದ್ದು. ಸಭೆಗಳಿಗೂ ಈ ಕುಣಿತಕ್ಕೂ ಇರುವ ಸಂಬಂಧ ಹಳೆಯದು ಮತ್ತು ಜಟಿಲ. ಅದರ ಬಗ್ಗೆ ತೀರ್ಪು ಕೊಡುವ ಕೆಲಸ ಹತ್ತು ದಿನದ ಅತಿಥಿಯದಲ್ಲ. ವಾಹನ ನಿಲ್ಲಿಸಿ, ಕ್ಯಾಮೆರಾ ಒಳಗಿಟ್ಟು, ಜೊತೆಗಿರುವ ಸ್ಥಳೀಯರು ಹೇಳಿದಂತೆ ನಡೆದುಕೊಳ್ಳಿ.

ನೀವಿರುವ ದಿನಗಳಲ್ಲಿ ಊರಲ್ಲಿ ಸಾವು ಸಂಭವಿಸಿದರೆ ನಿಮ್ಮ ಕಾರ್ಯಕ್ರಮ ಅಲ್ಲಿಗೆ ನಿಂತಿತೆಂದೇ ತಿಳಿಯಿರಿ. ಮಲಿರೊ, ಅಂದರೆ ಸಾವಿನ ಮನೆಗೆ, ಊರೆಲ್ಲ ಹೋಗುತ್ತದೆ; ತರಬೇತಿಗೆ ಬರಬೇಕಾದವರೂ ಅಲ್ಲಿಯೇ ಇರುತ್ತಾರೆ. ನಾಯಕರಾದವರು ವೇಳಾಪಟ್ಟಿಗಾಗಿ ಚಡಪಡಿಸದೆ ತಂಡವನ್ನು ಅಲ್ಲಿಗೆ ಕರೆದೊಯ್ದು, ತೋರಿಸಿದ ಜಾಗದಲ್ಲಿ ನೆಲದ ಮೇಲೆ ಸುಮ್ಮನೆ ಕೂರಬೇಕು. ಇಡೀ ಯಾತ್ರೆಯಲ್ಲಿ ಜನರು ಬಹುಕಾಲ ನೆನಪಿಡುವ ಕೆಲಸ ಇದೇ ಆಗಬಹುದು.

ಹೊರಡುವಾಗ, ಬಂದ ಮೇಲೆ

ಬೀಳ್ಕೊಡುಗೆಯ ಭಾವುಕತೆಯಲ್ಲಿ "ಬರುವ ವರ್ಷ ಮತ್ತೆ ಬರುತ್ತೇವೆ", "ಈ ಹುಡುಗನ ಓದಿನ ಖರ್ಚು ನನ್ನದು" ಎಂಬ ಮಾತುಗಳು ಹೊರಬೀಳುತ್ತವೆ. ಹೇಳಿದವರು ಮರೆತರೂ ಕೇಳಿದವರು ಮರೆಯುವುದಿಲ್ಲ. ಯಾರಾದರೂ ನೆರವು ಕೇಳಿದರೆ ಸಭಾಪಾಲಕರೊಂದಿಗೆ ಮಾತಾಡುತ್ತೇನೆ ಎಂದಷ್ಟೇ ಹೇಳಬೇಕೆಂದು ತಂಡಕ್ಕೆ ಮೊದಲೇ ಕಟ್ಟಪ್ಪಣೆ ಮಾಡಿ. ಮರಳಿ ಬಂದ ಮೇಲೆ ಕೆಲವು ತಿಂಗಳವರೆಗೆ ಯಾವ ಜ್ವರ ಬಂದರೂ ಮಲಾವಿಗೆ ಹೋಗಿದ್ದೆನೆಂದು ವೈದ್ಯರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಖರ್ಚಿನ ಲೆಕ್ಕದ ಒಂದು ಪ್ರತಿ ಆತಿಥ್ಯ ನೀಡಿದ ಸಭೆಗೂ ಹೋಗಲಿ. ನಿಮ್ಮ ಸಭೆಯಲ್ಲಿ ವರದಿ ಒಪ್ಪಿಸುವಾಗ ಹರಿದ ಅಂಗಿಯ ಮಗುವಿನ ಚಿತ್ರವನ್ನು ಪರದೆಯ ಮೇಲೆ ಹಾಕುವ ಮುನ್ನ, ಆ ಮಗುವಿನ ತಾಯಿ ಅದೇ ಸಭೆಯಲ್ಲಿ ಕುಳಿತಿದ್ದರೆ ಹಾಕುತ್ತಿದ್ದೆವೇ ಎಂದು ಯೋಚಿಸಿ. ಅನುಮತಿ ಪಡೆದು ತೆಗೆದ ಕುಟುಂಬಗಳ ಚಿತ್ರಗಳನ್ನು ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಹೆಸರು ಬರೆದು, ಸಭಾಪಾಲಕರ ವಿಳಾಸಕ್ಕೆ ತಿಂಗಳೊಳಗೆ ಅಂಚೆಗೆ ಹಾಕಿ.