ಹಳೇ ಎಸ್ಪ್ರೆಸೊ ಮೆಷಿನ್ ಸೋರುತ್ತಿದೆಯೇ? ಮೊದಲು ಗ್ಯಾಸ್ಕೆಟ್ ನೋಡಿ

ಕಾಫಿ ಇಳಿಯುವಾಗ, ಕಾಫಿ ಪುಡಿ ತುಂಬಿ ಸಿಕ್ಕಿಸುವ ಹ್ಯಾಂಡಲ್ಲಿನ ಅಂಚಿನಿಂದ ನೀರು ಜಿನುಗಿದರೆ ಹೆಚ್ಚಿನವರಿಗೆ ತೋಚುವುದು ಒಂದೇ: ಇನ್ನಷ್ಟು ಬಿಗಿಯಾಗಿ ತಿರುಗಿಸುವುದು. ಹೀಗೆ ಬಲ ಹಾಕಿ ಹಾಕಿಯೇ ಹ್ಯಾಂಡಲ್ಲಿನ ಕಿವಿಗಳು ಸವೆಯುತ್ತವೆ. ಕೆಟ್ಟಿರುವುದು ಒಳಗಿನ ರಬ್ಬರ್ ಗ್ಯಾಸ್ಕೆಟ್. ಕುಕ್ಕರ್ ಗ್ಯಾಸ್ಕೆಟ್ ಹೋದರೆ ಯಾರೂ ಕುಕ್ಕರ್ ಎಸೆಯುವುದಿಲ್ಲ. ಈ ಮೆಷಿನ್ ಮಾತ್ರ ಸೀದಾ ಗುಜರಿಗೆ ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು 1991ರಲ್ಲಿ ಬಂದ ಇಟಲಿಯ ಗಾಜಿಯಾ ಕ್ಲಾಸಿಕ್‌ನ ಹಳೆಯ ಮಾದರಿಗಳ ಬಗ್ಗೆ: ಪುಡಿ ತುಂಬುವ 58 ಮಿ.ಮೀ. ಬುಟ್ಟಿ, ಅಲ್ಯೂಮಿನಿಯಂ ಬಾಯ್ಲರ್, ಪಂಪ್ ನಿಂತ ಕೂಡಲೇ ಒತ್ತಡ ಹೊರಬಿಡುವ ಸೊಲೆನಾಯ್ಡ್ ವಾಲ್ವ್. ಗ್ಯಾಸ್ಕೆಟ್ಟನ್ನು ಮಾದರಿಯ ಹೆಸರು ಹೇಳಿಯೇ ತರಿಸಿ. ದಪ್ಪದಲ್ಲಿ ಅರ್ಧ ಮಿ.ಮೀ. ಹೆಚ್ಚುಕಮ್ಮಿಯಾದರೂ ಹ್ಯಾಂಡಲ್ ನಿಲ್ಲುವ ಜಾಗ ಬದಲಾಗುತ್ತದೆ. ರಬ್ಬರ್ ಬೇಡ, ಸಿಲಿಕೋನ್ ತಗೊಳ್ಳಿ. ಬಿಸಿಗೆ ಬೇಗ ಕಲ್ಲಾಗುವುದಿಲ್ಲ.

1. ಮೆಷಿನ್ ಹತ್ತು ನಿಮಿಷ ಬಿಸಿಯಾಗಲಿ. ಆಮೇಲೆ ಪ್ಲಗ್ ಕಿತ್ತು, ಸ್ಟೀಮ್ ತಿರುಪು ತೆರೆದು ಒತ್ತಡ ಪೂರ್ತಿ ಬಿಡಿ.

2. ಹ್ಯಾಂಡಲ್ ಸಿಕ್ಕಿಸುವ ಜಾಗದಲ್ಲಿ ನೀರು ಇಳಿಯುವ ಜಾಲರಿಯ ಸ್ಕ್ರೂ, ಅದರ ಮೇಲಿನ ತಟ್ಟೆಯ ಎರಡು ಅಲೆನ್ ಬೋಲ್ಟ್ ಬಿಚ್ಚಿ. ಬಿಗಿದುಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಕುಡಿಯುವ ನೀರು ಹರಿಯುವ ಜಾಗ ಅದು.

3. ಎಡವುವುದು ಇಲ್ಲೇ. ಹಳೇ ಗ್ಯಾಸ್ಕೆಟ್ ತೋಡಿನೊಳಗೆ ಬೆಂದು ಕರಿಗಲ್ಲಾಗಿರುತ್ತದೆ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಗ್ಯಾಸ್ಕೆಟ್ ಚೂರಾಗುತ್ತದೆ, ತೋಡಿಗೆ ಗೀರು ಬೀಳುತ್ತದೆ. ಆಮೇಲೆ ಹೊಸದು ಹಾಕಿದರೂ ಆ ಗೀರಿನಿಂದಲೇ ಸೋರುತ್ತದೆ. ಅದರ ಬದಲು, ದಬ್ಬಳದಿಂದ ರಬ್ಬರಿಗೆ ಎದುರುಬದುರು ಎರಡು ತೂತು ಮಾಡಿ. ಮರದ ಕೆಲಸದ ಸಣ್ಣ ಸ್ಕ್ರೂಗಳನ್ನು ನಾಲ್ಕೈದು ಮಿ.ಮೀ. ಮಾತ್ರ ಇಳಿಸಿ, ಇನ್ನೂ ಆಳಕ್ಕೆ ಹೋದರೆ ಮೇಲಿನ ಲೋಹಕ್ಕೆ ತಾಗುತ್ತದೆ. ಇಕ್ಕಳದಲ್ಲಿ ಒಂದು ಸಲ ಈ ಸ್ಕ್ರೂ, ಇನ್ನೊಂದು ಸಲ ಆ ಸ್ಕ್ರೂ ಹಿಡಿದು ಸ್ವಲ್ಪಸ್ವಲ್ಪವೇ ಕೆಳಕ್ಕೆ ಎಳೆಯಿರಿ. ಅವಸರ ಬೇಡ. ತಣ್ಣಗಾಗಿ ಮೊಂಡು ಹಿಡಿದರೆ ಎಲ್ಲ ಜೋಡಿಸಿ, ಮತ್ತೆ ಬಿಸಿ ಮಾಡಿ, ಮತ್ತೆ ಪ್ಲಗ್ ಕಿತ್ತು ಶುರುಮಾಡಿ. ಹೊರಬಂದ ಮೇಲೆ ತೋಡಿನಲ್ಲಿ ಉಳಿದ ಕಾಫಿ ಕಿಟ್ಟವನ್ನು ಬಿದಿರು ಕಡ್ಡಿಯಿಂದ ಕೆರೆದು ತೆಗೆಯಿರಿ. ಒಂದು ಚೂರು ಉಳಿದರೂ ಗ್ಯಾಸ್ಕೆಟ್ ಓರೆಯಾಗಿ ಕೂರುತ್ತದೆ.

4. ಜಾಲರಿ ಹೊರಗಿರುವಾಗಲೇ ಸುಣ್ಣದ ಕಟ್ಟು ಬಿಡಿಸಿ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಹಾಕುವವರಿಗೆ ಈ ಕೆಲಸ ತಪ್ಪದು. ಒಂದು ಲೀಟರ್ ನೀರಿಗೆ 20 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಸ್ವಲ್ಪ ಹ್ಯಾಂಡಲ್ ಸಿಕ್ಕಿಸುವ ಬಾಯಿಯಿಂದ, ಸ್ವಲ್ಪ ಸ್ಟೀಮ್ ನಳಿಗೆಯಿಂದ ಹರಿಸಿ, ಕಾಲು ಗಂಟೆ ಬಿಟ್ಟು, ಉಳಿದದ್ದನ್ನೂ ಹರಿಸಿ. ಅಲ್ಯೂಮಿನಿಯಂ ಆದ್ದರಿಂದ ರಾತ್ರಿಯಿಡೀ ನೆನೆಹಾಕಬೇಡಿ. ವಿನೆಗರ್ ಅಂತೂ ಬೇಡವೇ ಬೇಡ, ವಾಸನೆ ಬೇಗ ಬಿಡುವುದಿಲ್ಲ. ಕೊನೆಗೆ ಎರಡು ಟ್ಯಾಂಕ್ ಶುದ್ಧ ನೀರು.

5. ಹೊಸ ಗ್ಯಾಸ್ಕೆಟ್‌ನ ಓರೆ ಅಂಚು ಮೇಲಕ್ಕಿರಲಿ. ಕೈಯಲ್ಲಿ ಸುತ್ತಲೂ ಒತ್ತಿ, ಆಮೇಲೆ ಖಾಲಿ ಹ್ಯಾಂಡಲ್ ಹಾಕಿ ತಿರುಗಿಸಿದರೆ ಅದೇ ಸರಿಯಾಗಿ ಕೂರುತ್ತದೆ. ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ತಟ್ಟೆ, ಜಾಲರಿ ಜೋಡಿಸಿ.

6. ತೂತಿಲ್ಲದ ಬುಟ್ಟಿಗೆ ಅರ್ಧ ಚಮಚ ಕಾಫಿ ಮೆಷಿನ್ ತೊಳೆಯುವ ಪುಡಿ ಹಾಕಿ, ಪಂಪ್ ಹತ್ತು ಸೆಕೆಂಡ್ ಓಡಿಸಿ ನಿಲ್ಲಿಸಿ. ವಾಲ್ವ್ ಕೊಳೆಯನ್ನೆಲ್ಲ ಟ್ರೇಗೆ ಉಗುಳುತ್ತದೆ. ನಾಲ್ಕೈದು ಸಲ ಹೀಗೆ ಮಾಡಿ, ಆಮೇಲೆ ಬರೀ ನೀರಿನಲ್ಲೂ ಅಷ್ಟೇ ಸಲ. ಸೊಲೆನಾಯ್ಡ್ ವಾಲ್ವ್ ಇಲ್ಲದ ಅಗ್ಗದ ಮೆಷಿನ್‌ಗಳಲ್ಲಿ ಇದನ್ನು ಮಾಡಲೇಬೇಡಿ, ಒಳಗಿನ ಒತ್ತಡ ಇಳಿಯಲು ದಾರಿಯೇ ಇರುವುದಿಲ್ಲ.

ಪಂಪ್ ನಿಲ್ಲಿಸಿದ ಮೇಲೂ ಜಾಲರಿಯಿಂದ ತೊಟ್ಟಿಕ್ಕುತ್ತಲೇ ಇದ್ದರೆ ಅದು ಗ್ಯಾಸ್ಕೆಟ್ ತಪ್ಪಲ್ಲ, ವಾಲ್ವ್‌ನಲ್ಲಿ ಸುಣ್ಣ ಸಿಕ್ಕಿಕೊಂಡಿದೆ. ಪಂಪ್ ಗುಂಯ್‌ಗುಡುತ್ತಿದ್ದರೂ ನೀರು ಬಾರದಿದ್ದರೆ ಗಾಳಿ ಹಿಡಿದಿರಬಹುದು, ಸ್ಟೀಮ್ ತಿರುಪು ತೆರೆದು ಓಡಿಸಿ ನೋಡಿ. ಮೆಷಿನ್ ಹಾಕಿದಾಗಲೆಲ್ಲ ಮನೆಯ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದ್ದರೆ ಮಾತ್ರ ಕೈ ಹಾಕಬೇಡಿ. ಪ್ಲಗ್ ಕಿತ್ತಿಟ್ಟು ರಿಪೇರಿ ಗೊತ್ತಿರುವವರ ಹತ್ತಿರ ಒಯ್ಯಿರಿ.